ಅಳತೆಗೆ ತಕ್ಕ ಗಾಲ್ಫ್ ಕ್ಲಬ್: ಫಿಟ್ಟಿಂಗ್‌ನಿಂದ ಸೆಟ್ ಕೈಸೇರುವವರೆಗೆ

ಹೊಸ ಸೆಟ್ ಬಂದು, ಅದರ ಪ್ರತಿಯೊಂದು ಅಳತೆಯನ್ನೂ ಆರ್ಡರ್ ಶೀಟಿನ ಜೊತೆ ತಾಳೆ ನೋಡುವ ಕೆಲಸ ಈಗಷ್ಟೇ ಮುಗಿಯಿತು. ಕ್ಲಬ್ ಫಿಟ್ಟಿಂಗ್ (ಆಟಗಾರನ ಮೈಗೂ ಬೀಸುವ ರೀತಿಗೂ ತಕ್ಕಂತೆ ಕ್ಲಬ್ಬಿನ ಅಳತೆ ಹೊಂದಿಸುವುದು) ಎಂದರೆ ಹೋಗಿ ನಾಲ್ಕು ಚೆಂಡು ಹೊಡೆದು, ಯಾವುದು ದೂರ ಹೋಯಿತೋ ಅದನ್ನು ಕೊಂಡು ಬರುವುದು ಎಂದುಕೊಂಡವರು ಬಹಳ ಮಂದಿ. ಹಾಗೆ ಹೊರಟವರು ನಡುವೆ ಗೊಂದಲಕ್ಕೆ ಬೀಳುತ್ತಾರೆ. ಗೊಂದಲದ ಮೂಲ ಇಷ್ಟೇ: ಕ್ಲಬ್ಬಿನಲ್ಲಿ ಯಾವ ಅಳತೆಯೂ ಒಂಟಿಯಲ್ಲ. ಉದ್ದ ಮುಟ್ಟಿದರೆ ಲೈ ಕೋನ (ನೆಲಕ್ಕಿಟ್ಟಾಗ ಕ್ಲಬ್ಬಿನ ಕೋಲು ನೆಲದ ಜೊತೆ ಮಾಡುವ ಕೋನ) ಅಲುಗುತ್ತದೆ, ಲಾಫ್ಟ್ (ಚೆಂಡಿಗೆ ತಾಗುವ ಮುಖ, ಅಂದರೆ ಫೇಸ್, ಹಿಂದಕ್ಕೆ ವಾಲಿರುವ ಕೋನ) ಬಗ್ಗಿಸಿದರೆ ಬೌನ್ಸ್ (ತಳದ ಹಿಂಬದಿ ನೆಲದ ಕಡೆ ಇಳಿದಿರುವ ಕೋನ) ಬದಲಾಗುತ್ತದೆ, ಗ್ರಿಪ್ (ಹಿಡಿ) ಭಾರವಾದರೆ ಹೆಡ್ (ಚೆಂಡಿಗೆ ಬಡಿಯುವ ತಲೆ) ಹಗುರವಾದಂತೆ ಅನಿಸುತ್ತದೆ. ಈ ಕೊಂಡಿಗಳು ಮೊದಲೇ ಗೊತ್ತಿದ್ದರೆ ಫಿಟ್ಟರ್ ಹೇಳುವುದು ಅರ್ಥವಾಗುತ್ತದೆ, ಕೇಳಬೇಕಾದ್ದನ್ನು ಕೇಳುವ ಧೈರ್ಯವೂ ಬರುತ್ತದೆ. ಅದಕ್ಕೆಂದೇ, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ದಿಕ್ಕುಗಳೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಅದಲುಬದಲು ಮಾಡಿ ಓದಿಕೊಳ್ಳಿ.

ಸಮಯ ಗೊತ್ತುಮಾಡುವಾಗಲೇ ಕೆಲವು ಪ್ರಶ್ನೆ ಕೇಳಿಬಿಡಬೇಕು. ಫಿಟ್ಟಿಂಗ್ ಶುಲ್ಕ ಬೇರೆಯೋ, ಸೆಟ್ ಕೊಂಡರೆ ಅದರಲ್ಲಿ ಕಳೆಯುತ್ತಾರೋ? ಒಂದೇ ಕಂಪನಿಯ ಹೆಡ್‌ಗಳೋ, ಹಲವು ಕಂಪನಿಗಳದ್ದೋ? ಚೆಂಡು ಹೊಡೆಯುವುದು ಒಳಾಂಗಣದ ಮ್ಯಾಟ್ ಮೇಲೋ, ಹುಲ್ಲಿನ ಮೇಲೋ? ಲೈ ಮತ್ತು ಲಾಫ್ಟ್ ಬಗ್ಗಿಸುವ ಯಂತ್ರ ಅವರಲ್ಲೇ ಇದೆಯೋ, ಹೊರಗೆ ಕಳಿಸುತ್ತಾರೋ? ಕೊನೆಯಲ್ಲಿ ಅಂಕಿಅಂಶಗಳ ಪ್ರತಿ ನಮ್ಮ ಕೈಗೆ ಕೊಡುತ್ತಾರೋ? ಈ ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡುವುದೇ ಸರಿ. ಶುಲ್ಕ ಕೊಟ್ಟು ಪಡೆಯುವುದು ಆ ಅಂಕಿಗಳನ್ನೇ.

ಹೋಗುವಾಗ ಹಳೆಯ ಸೆಟ್ ಪೂರ್ತಿ ಒಯ್ಯಬೇಕು. ಹೊಸದನ್ನು ಹೋಲಿಸಲು ಒಂದು ಆಧಾರ ಬೇಡವೇ? ಜೊತೆಗೆ ಒಂದು ಕಾಗದದಲ್ಲಿ ಪ್ರತಿ ಕ್ಲಬ್ಬಿನ ಹೆಸರು, ಲಾಫ್ಟ್, ಅದರ ಸಾಮಾನ್ಯ ಕ್ಯಾರಿ (ಚೆಂಡು ಗಾಳಿಯಲ್ಲಿ ಸಾಗಿ ನೆಲ ಮುಟ್ಟುವವರೆಗಿನ ದೂರ), ತಪ್ಪಿದಾಗ ಯಾವ ಕಡೆ ಹೋಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಆಡುವಾಗ ಹಾಕುವ ಶೂ, ಗ್ಲೌ, ದಿನವೂ ಆಡುವ ಚೆಂಡು, ಇವೂ ಇರಲಿ. ಶೂ ಬದಲಾದರೆ ನಿಲುವಿನ ಎತ್ತರವೇ ಬದಲಾಗುತ್ತದೆ. ರೇಂಜ್ (ಅಭ್ಯಾಸದ ಮೈದಾನ) ಚೆಂಡುಗಳ ಹೊರಪದರ ಗಟ್ಟಿ, ಮೈಯೂ ಸವೆದಿರುತ್ತದೆ. ಅವು ಕೊಡುವ ಸ್ಪಿನ್ (ಹಾರುವಾಗ ಚೆಂಡು ತಿರುಗುವ ವೇಗ) ಅಂಕಿ ನಂಬಿ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಆರಿಸಿದರೆ ಕೋರ್ಸಿನಲ್ಲಿ ಬೇರೆಯದೇ ಎತ್ತರ ಕಾಣಬೇಕಾಗುತ್ತದೆ.

ಮೊದಲ ಹಂತ ಅಳತೆ ಟೇಪಿನದು. ಶೂ ಹಾಕಿ ನೆಟ್ಟಗೆ ನಿಂತು, ಕೈ ಸಡಿಲ ಬಿಟ್ಟಾಗ ಮಣಿಕಟ್ಟಿನ ಮಡಿಕೆಯಿಂದ ನೆಲಕ್ಕೆ ಎಷ್ಟು ಎಂದು ಅಳೆಯುತ್ತಾರೆ, ಅದನ್ನು ಎತ್ತರದ ಜೊತೆ ಸೇರಿಸಿ ಪಟ್ಟಿಯಲ್ಲಿ ನೋಡುತ್ತಾರೆ. ಎತ್ತರದ ಆಳಿಗೂ ಕೈ ಉದ್ದವಾಗಿದ್ದರೆ ಸ್ಟ್ಯಾಂಡರ್ಡ್ ಉದ್ದವೇ ಸಾಕಾಗುತ್ತದೆ, ಆದ್ದರಿಂದ ಎತ್ತರ ಒಂದನ್ನೇ ಕೇಳಿ ಉದ್ದ ಹೇಳುವವರನ್ನು ನಂಬಬೇಡಿ. ಅಂಗೈ ಮತ್ತು ನಡುಬೆರಳಿನ ಅಳತೆ ಗ್ರಿಪ್ಪಿಗಾಗಿ. ಎಡಗೈಯಲ್ಲಿ ಹಿಡಿದಾಗ ನಡುಬೆರಳು, ಉಂಗುರ ಬೆರಳುಗಳ ತುದಿ ಹೆಬ್ಬೆರಳ ಬುಡದ ದಿಂಬಿಗೆ ಮೆಲ್ಲಗೆ ತಾಗಬೇಕು. ಉಗುರು ಚುಚ್ಚಿದರೆ ಗ್ರಿಪ್ ಸಣ್ಣ, ನಡುವೆ ಸಂದು ಉಳಿದರೆ ದಪ್ಪ. ಈ ಹಂತದ ಅಂಕಿಗಳೆಲ್ಲ ಎಲ್ಲಿಂದ ಶುರುಮಾಡಬೇಕು ಎಂದು ಹೇಳುತ್ತವೆ, ಅಷ್ಟೇ. ನಿಂತಾಗಿನ ಅಳತೆಗೂ ಚೆಂಡಿಗೆ ಬಡಿಯುವ ಕ್ಷಣದ ಅಳತೆಗೂ ವ್ಯತ್ಯಾಸವಿದೆ. ಸ್ವಿಂಗ್ (ಬೀಸು) ವೇಗದಲ್ಲಿ ಶಾಫ್ಟ್ (ಕ್ಲಬ್ಬಿನ ಕೋಲು) ಕೆಳಮುಖವಾಗಿ ಬಾಗುತ್ತದೆ, ಕೈಗಳು ಮೇಲೇಳುತ್ತವೆ. ಲೈ ಕೋನವನ್ನು ಚೆಂಡು ಹೊಡೆದೇ ನೋಡಬೇಕು ಅನ್ನುವುದು ಇದಕ್ಕೆ.

ಆಮೇಲೆ ಲಾಂಚ್ ಮಾನಿಟರ್, ಅಂದರೆ ಚೆಂಡಿನ ವೇಗ, ಕೋನ, ಸ್ಪಿನ್ ಅಳೆಯುವ ಯಂತ್ರ. ಟ್ರ್ಯಾಕ್‌ಮನ್‌ನಂಥವು ರೇಡಾರ್ ಆಧಾರದವು, ಇನ್ನು ಕೆಲವು ಕ್ಯಾಮೆರಾ ಆಧಾರದವು. ಒಳಾಂಗಣದಲ್ಲಿ ರೇಡಾರಿಗೆ ಚೆಂಡಿನ ಹಾರಾಟ ಕೆಲವೇ ಮೀಟರ್ ಸಿಗುವುದರಿಂದ, ಸ್ಪಿನ್ ಸರಿಯಾಗಿ ಓದಲಿ ಎಂದು ಚೆಂಡಿನ ಮೇಲೆ ಲೋಹದ ಚುಕ್ಕಿ ಅಂಟಿಸುತ್ತಾರೆ. ಕ್ಯಾಮೆರಾ ಯಂತ್ರಕ್ಕೆ ಕ್ಲಬ್ ಫೇಸ್ ಮೇಲೆ ಸ್ಟಿಕ್ಕರ್ ಹಾಕುತ್ತಾರೆ. ಹಾಕದಿದ್ದರೆ ಕೇಳಿ. ಕೆಲವು ಅಂಕಿಗಳು ಅಳೆದದ್ದಾಗಿರದೆ ಲೆಕ್ಕ ಹಾಕಿ ತೋರಿಸಿದ್ದಾಗಿರುತ್ತವೆ. ಮೊದಲು ಮೈ ಬಿಸಿಯಾಗುವವರೆಗೆ ಹೊಡೆಯಬೇಕು. ಬಿಗಿದ ಮೈಯಲ್ಲಿ ಬರುವ ಕಡಿಮೆ ವೇಗಕ್ಕೆ ಶಾಫ್ಟ್ ಆರಿಸಿದರೆ ಅದು ಮೆತ್ತಗಾಗುತ್ತದೆ. ಹಾಗೆಯೇ ಬಹಳ ಹೊತ್ತು ಹೊಡೆದು ದಣಿದ ಮೇಲೂ ಅಂಕಿ ಕೆಡುತ್ತದೆ. ಡ್ರೈವರ್, ಐರನ್ (ಮಧ್ಯಮ ದೂರದ ಕ್ಲಬ್), ವೆಜ್ (ಹತ್ತಿರದ, ಎತ್ತರದ ಹೊಡೆತಕ್ಕೆ), ಪಟರ್ (ಚೆಂಡನ್ನು ಕುಳಿಯ ಕಡೆ ಉರುಳಿಸಲು) ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಆಸೆ ಬೇಡ. ಎರಡು ಭಾಗ ಮಾಡಿ, ಐರನ್ ಮೊದಲು, ಡ್ರೈವರ್ ಆಮೇಲೆ ಇಟ್ಟುಕೊಂಡದ್ದು ಎಷ್ಟೋ ಒಳ್ಳೆಯದಾಯಿತು.

ಫಿಟ್ಟಿಂಗ್ ಕೋಣೆಯ ಗಾಳಿಯೇ ಒಂದು ಥರ. ಪರದೆಯ ಮೇಲೆ ದೂರದ ಅಂಕಿ ಏರುವುದನ್ನು ನೋಡುತ್ತಿದ್ದಂತೆ ಇನ್ನಷ್ಟು ಜೋರಾಗಿ ಬೀಸಬೇಕೆನಿಸುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅದನ್ನು ತಡೆಯಬೇಕು. ನೋಡಬೇಕಾದ್ದು ಅತಿ ದೂರ ಹೋದ ಒಂದು ಶಾಟ್ ಅಲ್ಲ. ಹತ್ತು ಹನ್ನೆರಡು ಶಾಟ್‌ಗಳ ಸರಾಸರಿ ಕ್ಯಾರಿ, ಅವು ಎಡಬಲಕ್ಕೆ ಎಷ್ಟು ಚದುರಿವೆ, ಹಿಂದೆಮುಂದೆ ಎಷ್ಟು ಹರಡಿವೆ ಎಂಬುದು. ಇನ್ನೊಂದು ವಿಷಯವೂ ತಲೆಯಲ್ಲಿರಲಿ. ಇಂದಿನ ಐರನ್‌ಗಳ ಲಾಫ್ಟ್ ಹಿಂದಿನಷ್ಟಿಲ್ಲ. 7 ಐರನ್ ಒಂದು ಮಾದರಿಯಲ್ಲಿ 34 ಡಿಗ್ರಿ, ಇನ್ನೊಂದರಲ್ಲಿ 28 ಡಿಗ್ರಿ. ಎರಡನ್ನೂ ‘7’ ಎಂದು ಹೋಲಿಸಿ, ಎರಡನೆಯದು ಹದಿನೈದು ಯಾರ್ಡ್ ಹೆಚ್ಚು ಹೋಗುತ್ತದೆ ಎಂದು ಸಂಭ್ರಮಿಸುವುದರಲ್ಲಿ ಅರ್ಥವಿಲ್ಲ. ಸೋಲ್ (ಹೆಡ್ಡಿನ ತಳ) ಮೇಲಿನ ಸಂಖ್ಯೆ ಬಿಟ್ಟು ಲಾಫ್ಟ್ ಕೇಳಿ. ಚೆಂಡು ಇಳಿಯುವ ಕೋನ ನೋಡಿ. 7 ಐರನ್‌ಗೆ ಅದು ಸುಮಾರು 45 ಡಿಗ್ರಿಗಿಂತ ಕಡಿಮೆಯಾದರೆ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲದೆ ಆಚೆಗೆ ಓಡುತ್ತದೆ. ಗ್ರೀನ್ ದಾಟಿದ ಯಾರ್ಡುಗಳಿಂದ ಯಾರಿಗೂ ಸ್ಕೋರ್ ಇಳಿದಿಲ್ಲ.

ಮ್ಯಾಟಿನ ವಿಷಯವನ್ನೂ ಹೇಳಲೇಬೇಕು. ಚೆಂಡಿನ ಹಿಂದೆ ನೆಲಕ್ಕೆ ಬಡಿದ ಶಾಟ್ ಹುಲ್ಲಿನಲ್ಲಾದರೆ ಮಣ್ಣಿಗೆ ಹೂತು ಅಲ್ಲೇ ಸಾಯುತ್ತದೆ. ಮ್ಯಾಟ್ ಮೇಲೆ ಸೋಲ್ ಜಾರಿ ಚೆಂಡಿಗೆ ತಾಗಿ, ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಅಗಲ ಸೋಲ್ ಬೇಕೋ, ಕಿರಿದು ಬೇಕೋ ಎಂಬ ತೀರ್ಮಾನವನ್ನು ಮ್ಯಾಟ್ ಮೇಲೆ ಮಾಡಬಾರದು. ಡೆಮೊ ಹೆಡ್ ಸಿಕ್ಕರೆ ಹುಲ್ಲಿನ ಮೇಲೆ ಹೊಡೆದು ನೋಡಿಯೇ ಹೂಂ ಅನ್ನಿ.

ಈಗ ಲೈ ಕೋನ. ಐರನ್‌ಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ತಿದ್ದುಪಡಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸೋಲ್ ಮೇಲೆ ಟೇಪ್ ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ಹೊಡೆಸುತ್ತಾರೆ. ಗುರುತು ಟೋ (ಹೆಡ್ಡಿನ ಹೊರತುದಿ) ಕಡೆ ಬಿದ್ದರೆ ಕ್ಲಬ್ ಚಪ್ಪಟೆಯಾಗಿದೆ, ಲೈ ಕೋನ ಹೆಚ್ಚಿಸಿ, ಅಪ್‌ರೈಟ್ ಮಾಡಬೇಕು. ಹೀಲ್ (ಶಾಫ್ಟ್ ಕಡೆಯ ತುದಿ) ಕಡೆ ಬಿದ್ದರೆ ಅದಕ್ಕೆ ವಿರುದ್ಧ. ಹಲಗೆ ಕಂಡ ಕೂಡಲೇ ಕೆಲವರ ಸ್ವಿಂಗ್ ಅಳುಕುತ್ತದೆ, ಕೈ ಮೇಲೆಳೆದುಕೊಳ್ಳುತ್ತಾರೆ, ಗುರುತು ತಪ್ಪಾಗಿ ಬೀಳುತ್ತದೆ. ಅದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿದೆ, ಮನೆಯಲ್ಲೂ ಮಾಡಬಹುದು: ಚೆಂಡಿನ ಮೇಲೆ ಅಳಿಸಿಹೋಗುವ ಮಾರ್ಕರಿನಿಂದ ದಪ್ಪಗೆ ಒಂದು ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಫೇಸ್ ಕಡೆ ನೋಡುವಂತೆ ಇಟ್ಟು ಹೊಡೆಯಬೇಕು. ಗೆರೆಯ ಅಚ್ಚು ಫೇಸ್ ಮೇಲೆ ಮೂಡುತ್ತದೆ. ಫೇಸಿನ ಗ್ರೂವ್ ಗೆರೆಗಳಿಗೆ ಅದು ಲಂಬವಾಗಿದ್ದರೆ ಲೈ ಸರಿ. ಗೆರೆಯ ಮೇಲ್ತುದಿ ಹೀಲ್ ಕಡೆ ವಾಲಿದ್ದರೆ ಕ್ಲಬ್ ಚಪ್ಪಟೆ, ಟೋ ಕಡೆ ವಾಲಿದ್ದರೆ ಅತಿ ಅಪ್‌ರೈಟ್. ಚಪ್ಪಟೆ ಕ್ಲಬ್ ಚೆಂಡನ್ನು ಬಲಕ್ಕೆ, ಅಪ್‌ರೈಟ್ ಕ್ಲಬ್ ಎಡಕ್ಕೆ ಕಳಿಸುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ದೋಷ ಹಿಗ್ಗುತ್ತದೆ. ಡ್ರೈವರಿನಲ್ಲಿ ಅದು ಗೊತ್ತೇ ಆಗದು, 7 ಐರನ್‌ನಲ್ಲಿ 3 ಡಿಗ್ರಿ ತಪ್ಪಿದ್ದರೆ 150 ಯಾರ್ಡಿಗೆ ಐದಾರು ಯಾರ್ಡ್ ಪಕ್ಕಕ್ಕೆ ಹೋಗುತ್ತದೆ, ವೆಜ್‌ಗಳಲ್ಲಿ ದಿಕ್ಕು ಅದಕ್ಕಿಂತ ಹೆಚ್ಚು ತಪ್ಪುತ್ತದೆ.

ಪಿಂಗ್ ಕಂಪನಿಯ ಐರನ್‌ಗಳ ಮೇಲೆ ಕಾಣುವ ಬಣ್ಣದ ಚುಕ್ಕಿ ಇದೇ ಲೈ ಕೋನದ ಗುರುತು. ಕಪ್ಪು ಚುಕ್ಕಿ ಎಂದರೆ ಸ್ಟ್ಯಾಂಡರ್ಡ್. ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಚುಕ್ಕಿ ನೋಡಿ ಕೊಂಡರೆ ಬಗ್ಗಿಸುವ ಖರ್ಚು ಉಳಿಯುತ್ತದೆ.

ಬಗ್ಗಿಸುವುದಕ್ಕೂ ಮಿತಿಯಿದೆ. ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಕಾರ್ಬನ್ ಸ್ಟೀಲ್ ಹೆಡ್ ಸುಲಭವಾಗಿ 2–3 ಡಿಗ್ರಿ ಬಾಗುತ್ತದೆ. 17-4 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಕ ಹೊಯ್ದ ಹೆಡ್ ಗಟ್ಟಿ. 1–2 ಡಿಗ್ರಿ ಮೀರಿದರೆ ಹೋಸೆಲ್ (ಶಾಫ್ಟ್ ಕೂರುವ ಕುತ್ತಿಗೆ) ಸೀಳುವ ಭಯ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಂದು ಪದೇಪದೇ ಬಗ್ಗಿಸಿದರೆ ಎಂಥ ಲೋಹವೂ ದಣಿಯುತ್ತದೆ. ಆದ್ದರಿಂದ 3 ಡಿಗ್ರಿಗಿಂತ ಹೆಚ್ಚು ಬೇಕಾದವರು ಕಾರ್ಖಾನೆಯಲ್ಲೇ ಆ ಲೈ ಕೊಟ್ಟು ಮಾಡುವ ಮಾದರಿ ಹುಡುಕಬೇಕು. ಉದ್ದ ಮತ್ತು ಲೈ ಎರಡನ್ನೂ ಬದಲಿಸುವಾಗ ಉದ್ದವೇ ಮೊದಲು. ಅರ್ಧ ಇಂಚು ಉದ್ದವಾದರೆ ಕ್ಲಬ್ ಸುಮಾರು 1 ಡಿಗ್ರಿ ಹೆಚ್ಚು ಅಪ್‌ರೈಟ್ ಆದಂತೆ ವರ್ತಿಸುತ್ತದೆ. ಮೊದಲು ಲೈ ತಿದ್ದಿ ಆಮೇಲೆ ಉದ್ದ ಸೇರಿಸಿದರೆ ಮಾಡಿದ ಕೆಲಸ ಮತ್ತೆ ಮಾಡಬೇಕು, ಕೂಲಿಯೂ ಎರಡು ಸಲ.

ಉದ್ದದ ಇನ್ನೊಂದು ಬಾಲ ಸ್ವಿಂಗ್ ವೆಯ್ಟ್. ಕ್ಲಬ್ಬಿನ ಒಟ್ಟು ತೂಕ ಬೇರೆ, ಇದು ಬೇರೆ. ಗ್ರಿಪ್ ತುದಿಯಿಂದ 14 ಇಂಚು ದೂರದ ಆಧಾರಬಿಂದುವಿನ ಮೇಲೆ ಕ್ಲಬ್ ಇಟ್ಟಾಗ ಹೆಡ್ ಕಡೆಗೆ ಎಷ್ಟು ಭಾರ ಎಂಬ ಅಳತೆ ಇದು; ಡಿ0, ಡಿ1, ಡಿ2 ಎಂದು ಬರೆಯುತ್ತಾರೆ. ಗಂಡಸರ ಸಾಮಾನ್ಯ ಸೆಟ್ ಡಿ0ರಿಂದ ಡಿ3ರ ಒಳಗಿರುತ್ತದೆ. ಅರ್ಧ ಇಂಚು ಉದ್ದ ಸೇರಿದರೆ 3 ಪಾಯಿಂಟ್ ಏರುತ್ತದೆ, ಅರ್ಧ ಇಂಚು ಕಡಿದರೆ 3 ಇಳಿಯುತ್ತದೆ. ಹೆಡ್‌ಗೆ 2 ಗ್ರಾಂ ಸೇರಿಸಿದರೆ 1 ಪಾಯಿಂಟ್ ಏರಿಕೆ, ಗ್ರಿಪ್ 5 ಗ್ರಾಂ ಭಾರವಾದರೆ ಸುಮಾರು 1 ಪಾಯಿಂಟ್ ಇಳಿಕೆ. ಕೈಗೆ ಉದ್ದವೆನಿಸಿ ಅರ್ಧ ಇಂಚು ಕಡಿಸಿ, ಮೇಲೆ ಮಿಡ್‌ಸೈಜ್ ಗ್ರಿಪ್ ಹಾಕಿಸಿದರೆ ಡಿ2 ಇದ್ದದ್ದು ಸಿ7–ಸಿ8ಕ್ಕೆ ಇಳಿದು, ಹೆಡ್ ಎಲ್ಲಿದೆ ಎಂಬುದೇ ಕೈಗೆ ತಿಳಿಯದಾಗುತ್ತದೆ. ಸರಿಪಡಿಸಲು ಸೀಸದ ಟೇಪ್ ಅಥವಾ ಹೋಸೆಲ್ ಒಳಗಿನ ತುದಿ ತೂಕ ಬಳಸುತ್ತಾರೆ. ತುದಿ ತೂಕ ಹೆಚ್ಚಾದರೆ ಹೆಡ್ಡಿನ ಭಾರಕೇಂದ್ರ ಹೀಲ್ ಕಡೆ ಸರಿಯುತ್ತದೆ. ಹಾಗಾಗಿ ಉದ್ದ ಕಡಿಮೆ ಮಾಡಿ ಆರ್ಡರ್ ಮಾಡುವವರು ‘ಹೆಡ್‌ಗಳನ್ನೇ ಭಾರ ನೋಡಿ ಆರಿಸಿ’ ಎಂದು ಶೀಟಿನಲ್ಲಿ ಬರೆಸಬೇಕು.

ಶಾಫ್ಟ್ ವಿಷಯದಲ್ಲಿ ಫ್ಲೆಕ್ಸ್ (ಎಷ್ಟು ಬಾಗುತ್ತದೆ) ಹೇಳುವ ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿಗೆ ಜೋತುಬೀಳಬೇಡಿ. ಎಲ್ಲ ಕಂಪನಿಗಳೂ ಒಪ್ಪಿದ ಒಂದು ಮಾನದಂಡ ಅದಕ್ಕಿಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಗಟ್ಟಿಯಿರಬಹುದು. ಮೊದಲು ತೂಕ ನಿಶ್ಚಯವಾಗಲಿ. ಐರನ್‌ಗಳ ಸ್ಟೀಲ್ ಶಾಫ್ಟ್ ಸುಮಾರು 90ರಿಂದ 130 ಗ್ರಾಂ, ಗ್ರಾಫೈಟ್ ಅದಕ್ಕಿಂತ ಹಗುರ; ಡ್ರೈವರಿನದು ಬಹುತೇಕ 40–70 ಗ್ರಾಂ. ತೀರಾ ಹಗುರವಾದರೆ ಮೇಲಿಂದ ಇಳಿಸುವ ಲಯ ಕೆಟ್ಟು ಫೇಸ್ ಮೇಲೆ ಚೆಂಡು ತಾಗುವ ಜಾಗ ಚದುರುತ್ತದೆ. ತೀರಾ ಭಾರವಾದರೆ ಕೊನೆಯ ಹೋಲ್‌ಗಳಲ್ಲಿ ವೇಗ ಬೀಳುತ್ತದೆ. ತಾಗುವ ಜಾಗ ನೋಡಲು ಫೇಸ್ ಮೇಲೆ ತೆಳ್ಳಗೆ ಪಾದದ ಪೌಡರ್ ಸ್ಪ್ರೇ ಹೊಡೆದರೆ ಸಾಕು, ಪ್ರತಿ ಶಾಟಿನ ಗುರುತೂ ಅದರಲ್ಲಿ ಮೂಡುತ್ತದೆ. ಎರಡು ಶಾಫ್ಟ್‌ಗಳಲ್ಲಿ ಯಾವುದು ಎಂದು ಮನಸ್ಸು ಡೋಲಾಯಮಾನವಾದಾಗ ನನ್ನ ಪಾಲಿಗೆ ತೀರ್ಪು ಕೊಟ್ಟದ್ದು ಆ ಬಿಳಿ ಪೌಡರಿನ ಗುರುತುಗಳೇ. ಒಂದರಲ್ಲಿ ಅವು ನಡುವೆ ಗುಂಪುಗೂಡಿದ್ದವು, ಇನ್ನೊಂದರಲ್ಲಿ ಟೋವರೆಗೂ ಹರಡಿದ್ದವು. ದೂರದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ, ದರದಲ್ಲಿ ಮಾತ್ರ ಇತ್ತು. ಹೆಚ್ಚುವರಿ ಬೆಲೆಯ ಶಾಫ್ಟ್ ಎಂದಾಗ ಅದು ಪ್ರತಿ ಕ್ಲಬ್ಬಿಗೂ ಸೇರುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಏಳು ಐರನ್‌ಗಳಿಗೆ ಏಳರಷ್ಟು.

ಡ್ರೈವರ್ ಸರದಿಯಲ್ಲಿ ನಿಯಮಗಳೂ ಬರುತ್ತವೆ. ಹೆಡ್ ಗಾತ್ರಕ್ಕೆ 460 ಘನ ಸೆಂಟಿಮೀಟರ್ ಮಿತಿ, ಉದ್ದಕ್ಕೆ 48 ಇಂಚು. ಉನ್ನತ ಮಟ್ಟದ ಟೂರ್ನಿಗಳಲ್ಲಿ 46 ಇಂಚಿಗೆ ಇಳಿಸುವ ಸ್ಥಳೀಯ ನಿಯಮ 2022ರಿಂದ ಲಭ್ಯವಿದೆ. ಅಂಗಡಿಯ ಡ್ರೈವರ್‌ಗಳು ಹೆಚ್ಚಾಗಿ 45.5 ಇಂಚಿನ ಆಸುಪಾಸು ಇರುತ್ತವೆ. ಹವ್ಯಾಸಿ ಆಟಗಾರರಿಗೆ ಅದನ್ನು 44.5–45ಕ್ಕೆ ಇಳಿಸಿದರೆ ನಡುವಿಗೆ ತಾಗುವುದು ಹೆಚ್ಚಿ, ಸರಾಸರಿ ದೂರ ಕುಗ್ಗದೇ ಉಳಿಯುವುದುಂಟು. ಕ್ಲಬ್ ವೇಗಕ್ಕೆ ಚೆಂಡಿನ ವೇಗ ಎಷ್ಟು ಪಟ್ಟು ಎಂಬ ಸ್ಮ್ಯಾಶ್ ಅಂಕಿ 1.50ರ ಹತ್ತಿರಕ್ಕೆ ಬಂದಷ್ಟೂ ಹೊಡೆತ ಶುದ್ಧ. ಗಂಟೆಗೆ 90–95 ಮೈಲಿ ಸ್ವಿಂಗ್ ವೇಗದವರಿಗೆ 13–15 ಡಿಗ್ರಿ ಏರುಕೋನ, ನಿಮಿಷಕ್ಕೆ 2,300–2,800 ಸುತ್ತಿನ ಸ್ಪಿನ್ ಒಳ್ಳೆಯ ಗುರಿ. ತಿರುಗಿಸುವ ಸ್ಲೀವ್ (ಶಾಫ್ಟ್ ಹೆಡ್ಡಿಗೆ ಸೇರುವಲ್ಲಿನ ಕೊಳವೆ) ಇರುವ ಡ್ರೈವರಿನಲ್ಲಿ ಲಾಫ್ಟ್ ಏರಿಸಿದರೆ ನೆಲಕ್ಕಿಟ್ಟಾಗ ಫೇಸ್ ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ಬಲಕ್ಕೆ ತೆರೆದುಕೊಳ್ಳುತ್ತದೆ. ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ) ಹೊಡೆಯುವವರು ಲಾಫ್ಟ್ ಇಳಿಸಿದರೆ ಸ್ಲೈಸ್ ಹೆಚ್ಚುವುದು ಈ ಕಾರಣಕ್ಕೂ ಹೌದು. ಆಟದ ಸುತ್ತು ಶುರುವಾದ ಮೇಲೆ ಸ್ಲೀವ್ ತಿರುಗಿಸುವಂತಿಲ್ಲ, ನಿಯಮ ಒಪ್ಪುವುದಿಲ್ಲ.

ವೆಜ್ ಆರಿಸುವಾಗ ಐರನ್ ಸೆಟ್ಟಿನ ಪಿಚಿಂಗ್ ವೆಜ್ ಲಾಫ್ಟಿನಿಂದ ಶುರುಮಾಡಬೇಕು. ಅದು 44 ಡಿಗ್ರಿ ಇದ್ದರೆ ಮುಂದಿನವು 49, 54, 59ರ ಹತ್ತಿರ ಬರಬೇಕು. ನಾಲ್ಕೈದು ಡಿಗ್ರಿ ಅಂತರವಿದ್ದರೆ ದೂರದಲ್ಲಿ ತೂತು ಬೀಳುವುದಿಲ್ಲ. ಹಳೆಯ ಅಭ್ಯಾಸದಂತೆ 44ರ ಪಕ್ಕದಲ್ಲಿ ನೇರ 56 ಇಟ್ಟುಕೊಂಡರೆ ನಡುವಿನ ಮೂವತ್ತು ಯಾರ್ಡಿಗೆ ಕ್ಲಬ್ಬೇ ಇಲ್ಲ. ಒಟ್ಟು 14 ಕ್ಲಬ್ಬುಗಳ ಮಿತಿಯೊಳಗೆ ಇವೆಲ್ಲ ಸೇರಬೇಕಾದ್ದರಿಂದ ದೂರದ ಕ್ಲಬ್ಬುಗಳಲ್ಲಿ ಒಂದು ಐರನ್ ಅಥವಾ ಹೈಬ್ರಿಡ್ ಬಿಡಬೇಕಾದೀತು. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಹೆಚ್ಚುವರಿ ಕ್ಲಬ್ ಇದ್ದರೆ ತಪ್ಪು ನಡೆದ ಹೋಲ್‌ಗೆ 2 ಸ್ಟ್ರೋಕ್, ಸುತ್ತಿಗೆ ಗರಿಷ್ಠ 4 ಸ್ಟ್ರೋಕ್ ದಂಡ. ಬೌನ್ಸ್ ಆಯ್ಕೆ ನೆಲ ನೋಡಿ: ಮೆತ್ತನೆ ಮರಳು, ಹಸಿ ನೆಲ, ಆಳವಾಗಿ ಡಿವಟ್ (ಹುಲ್ಲಿನ ಹೆಂಟೆ) ಕೀಳುವ ಸ್ವಿಂಗ್ ಇದ್ದರೆ 10 ಡಿಗ್ರಿಗಿಂತ ಮೇಲೆ, ಗಟ್ಟಿ ನೆಲ, ಮೇಲ್ಮೇಲೆ ಸವರಿ ಹೊಡೆಯುವವರಿಗೆ 4–8. ವೆಜ್ ಲಾಫ್ಟನ್ನು 2 ಡಿಗ್ರಿ ಇಳಿಸಿ ಬಗ್ಗಿಸಿದರೆ ಬೌನ್ಸೂ 2 ಡಿಗ್ರಿ ಹೋಯಿತು ಎಂದೇ ತಿಳಿಯಿರಿ. 8 ಡಿಗ್ರಿಯದು 6 ಆಗಿ, ಬಂಕರಿನಲ್ಲಿ ಸೌಟಿನಂತೆ ಮರಳಿಗೆ ಇಳಿಯತೊಡಗುತ್ತದೆ.

ಪಟರಿಗೆ ಜನ ಕೊಡುವ ಸಮಯ ತೀರಾ ಕಡಿಮೆ. ಕಣ್ಣು ಚೆಂಡಿನ ನೇರ ಮೇಲೆ ಅಥವಾ ಸ್ವಲ್ಪ ಒಳಗೆ ಬರುವಂತೆ ನಿಂತು ಉದ್ದ ಅಳೆಸಿ. ಹಲವರಿಗೆ 35 ಇಂಚಿಗಿಂತ 33–34 ಒಗ್ಗುತ್ತದೆ. ಪಟರನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿ ಹಿಡಿದಾಗ ಟೋ ಕೆಳಗೆ ಜೋತರೆ ಕಮಾನಿನಂತೆ ಸಾಗುವ ಸ್ಟ್ರೋಕಿಗೆ, ಫೇಸ್ ಆಕಾಶ ನೋಡಿದರೆ ನೇರ ಸ್ಟ್ರೋಕಿಗೆ ಹೊಂದುತ್ತದೆ ಎಂಬುದು ರೂಢಿಯ ಲೆಕ್ಕ. ಅದಕ್ಕಿಂತ ಮುಖ್ಯ, ಗುರಿಯಿಟ್ಟಾಗ ಫೇಸ್ ನಿಜವಾಗಿ ಎಲ್ಲಿ ನೋಡುತ್ತಿದೆ ಎಂದು ಲೇಸರ್ ಅಥವಾ ಕನ್ನಡಿಯಿಂದ ಪರೀಕ್ಷಿಸುವುದು.

ಎಲ್ಲ ತೀರ್ಮಾನವಾದ ಮೇಲೆ ಆರ್ಡರ್ ಶೀಟ್. ಸಹಿ ಮಾಡುವ ಮುನ್ನ ಅದರಲ್ಲಿ ಇಷ್ಟಿದೆಯೇ ನೋಡಿ: ಪ್ರತಿ ಕ್ಲಬ್ಬಿನ ಉದ್ದ, ಲೈ, ಲಾಫ್ಟ್, ಶಾಫ್ಟ್ ಹೆಸರು, ತೂಕ, ಫ್ಲೆಕ್ಸ್, ತುದಿ ಎಷ್ಟು ಕತ್ತರಿಸಬೇಕು, ಸ್ವಿಂಗ್ ವೆಯ್ಟ್, ಗ್ರಿಪ್ ಮಾದರಿ, ಒಳಗಿನ ಟೇಪ್ ಸುತ್ತುಗಳ ಸಂಖ್ಯೆ, ಗ್ರಿಪ್ಪಿನ ಲೋಗೊ ಮೇಲೋ ಕೆಳಗೋ. ‘ಸ್ಟ್ಯಾಂಡರ್ಡ್’ ಎಂದು ಮಾತ್ರ ಬರೆದ ಕಾಲಂ ಕಂಡರೆ ಅಂಕಿ ಬರೆಸಿ, ಏಕೆಂದರೆ ಒಂದೊಂದು ಕಂಪನಿಯ ಸ್ಟ್ಯಾಂಡರ್ಡ್ ಒಂದೊಂದು. ಹೇಳಿ ಮಾಡಿಸಿದ ಕ್ಲಬ್ಬನ್ನು ವಾಪಸ್ ತೆಗೆದುಕೊಳ್ಳದ ಅಂಗಡಿಗಳೇ ಹೆಚ್ಚು. ಅಳತೆ ತಪ್ಪಿ ಬಂದರೆ ಯಾರ ಖರ್ಚಿನಲ್ಲಿ ಸರಿಮಾಡುತ್ತಾರೆ ಎಂಬುದೂ ಬರಹದಲ್ಲಿರಲಿ. ಆಮೇಲೆ ಕಾಯುವುದೇ ಕೆಲಸ. ವಾರಗಳು ಸರಿಯುತ್ತವೆ. ಯಾವುದೋ ಒಂದು ಶಾಫ್ಟ್ ದಾಸ್ತಾನಿಲ್ಲವೆಂದು ಇಡೀ ಸೆಟ್ ನಿಲ್ಲುತ್ತದೆ, ‘ಅದೇ ಥರದ ಇನ್ನೊಂದು ಹಾಕಲೇ?’ ಎಂಬ ಕರೆ ಬರುತ್ತದೆ. ತಾಳ್ಮೆ ಕರಗುವ ಹೊತ್ತು ಅದು. ಅದೇ ತೂಕ, ಅದೇ ಸ್ವಭಾವದ್ದೆಂದು ಹೊಡೆದು ನೋಡದ ಶಾಫ್ಟಿಗೆ ಒಪ್ಪಬೇಡಿ. ಒಪ್ಪಿದರೆ ಫಿಟ್ಟಿಂಗಿಗೆ ಕೊಟ್ಟ ದುಡ್ಡು ಅಲ್ಲಿಗೇ ಹೋಯಿತು.

ಸೆಟ್ ಬಂದ ದಿನ ಆಡಲು ಓಡದೆ ಅಳತೆಗೆ ಕೂರಬೇಕು. ಕ್ಲಬ್ಬನ್ನು ನೆಲದ ಮೇಲೆ ಸರಿಯಾದ ಲೈಯಲ್ಲಿ ನಿಲ್ಲಿಸಿ, ಉದ್ದವನ್ನು ಹೀಲಿನಿಂದ ಗ್ರಿಪ್ ಮುಚ್ಚಳದ ಅಂಚಿನವರೆಗೆ ಅಳೆಯಬೇಕು. ಪಕ್ಕಪಕ್ಕದ ಐರನ್‌ಗಳ ನಡುವೆ ಅರ್ಧ ಇಂಚಿನ ಹಂತ ಕಾಣಬೇಕು. ಲೈ ಮತ್ತು ಲಾಫ್ಟನ್ನು ಯಾವುದಾದರೂ ವರ್ಕ್‌ಶಾಪಿನ ಯಂತ್ರದಲ್ಲಿ ಇಡಿಸಿ. ತಯಾರಿಕೆಯಲ್ಲಿ ಒಂದು ಡಿಗ್ರಿ ಆಚೀಚೆ ಸಾಮಾನ್ಯ, ಆದರೆ 8 ಐರನ್ ಒಂದು ಡಿಗ್ರಿ ಇಳಿದು 9 ಐರನ್ ಒಂದು ಡಿಗ್ರಿ ಏರಿದರೆ 4 ಡಿಗ್ರಿ ಇರಬೇಕಾದ ಅಂತರ 6 ಆಗಿಬಿಡುತ್ತದೆ. ಬಂದ ಸೆಟ್ಟಿನಲ್ಲಿ ಇಂಥದ್ದೇ ಒಂದು ಜೋಡಿ ಸಿಕ್ಕಿತು. ಯಂತ್ರದಲ್ಲಿ ಕೆಲವೇ ನಿಮಿಷದಲ್ಲಿ ಸರಿಹೋಯಿತು. ಕೇಳದೆ ಇದ್ದಿದ್ದರೆ ತಿಂಗಳುಗಟ್ಟಲೆ ಸ್ವಿಂಗನ್ನೇ ದೂರಬೇಕಿತ್ತು.

ಶಾಫ್ಟ್ ಅಥವಾ ಗ್ರಿಪ್ಪನ್ನು ತಾವೇ ಬದಲಿಸುವವರಿಗೆ ಎರಡು ಮಾತು. ಐರನ್ ಹೋಸೆಲ್ 0.355 ಇಂಚಿನ ಟೇಪರ್ (ತುದಿಗೆ ಸಣ್ಣಗಾಗುವುದು) ಅಥವಾ 0.370 ಇಂಚಿನ ಪ್ಯಾರಲಲ್ (ಉದ್ದಕ್ಕೂ ಒಂದೇ ಅಗಲ), ಡ್ರೈವರಿಗೆ ಬಹುತೇಕ 0.335, ಅಳೆಯದೆ ಶಾಫ್ಟ್ ತರಿಸಬೇಡಿ. ಗ್ರಾಫೈಟ್ ತೆಗೆಯುವಾಗ ತಿರುಚಿದರೆ ತುದಿಯ ನಾರು ಸೀಳುತ್ತದೆ, ಪುಲ್ಲರ್ ಹಾಕಿ ನೇರವಾಗಿಯೇ ಎಳೆಯಬೇಕು, ಬಿಸಿಯನ್ನು ಶಾಫ್ಟಿಗೆ ತಾಗಿಸದೆ ಹೋಸೆಲ್ಲಿಗೆ ಕೊಡಬೇಕು. ಹೊಸ ತುದಿಯನ್ನು ಉಜ್ಜಿ ಒರಟು ಮಾಡಿ, ಫೆರೂಲ್ (ಹೋಸೆಲ್ ಬಾಯಿಯ ಉಂಗುರ) ಕೂರಿಸಿ, ಎಪಾಕ್ಸಿ ಹಚ್ಚಿದ ಮೇಲೆ 24 ಗಂಟೆ ಮುಟ್ಟಬಾರದು. ಅವಸರಪಟ್ಟರೆ ಹೆಡ್ ಹಾರಿ ಯಾರಿಗಾದರೂ ಬಡಿದೀತು. ಗ್ರಿಪ್ ಹಾಕುವಾಗ ಶಾಫ್ಟಿನ ಹಿಂತುದಿಗೂ ಗ್ರಿಪ್ಪಿನ ಒಳವ್ಯಾಸಕ್ಕೂ ಹೊಂದಿಕೆ ನೋಡಿ: 0.600 ಇಂಚಿನ ಶಾಫ್ಟಿಗೆ 0.580 ಇಂಚಿನ ಗ್ರಿಪ್ ಹಿಗ್ಗಿಸಿ ಹಾಕಿದರೆ ಇಂಚಿನ ಅರವತ್ತನಾಲ್ಕನೇ ಒಂದು ಭಾಗದಷ್ಟು ದಪ್ಪವಾಗುತ್ತದೆ.

ಇನ್ನು ಚೆಂಡು. ಯುರೆಥೇನ್ ಹೊದಿಕೆಯದ್ದು ವೆಜ್‌ಗಳಲ್ಲಿ ಹೆಚ್ಚು ಸ್ಪಿನ್ ಕೊಡುತ್ತದೆ, ಅಯೊನೊಮರ್ ಹೊದಿಕೆಯದ್ದು ಬಾಳಿಕೆ ಬರುತ್ತದೆ, ಬೆಲೆಯೂ ಕಡಿಮೆ. ಯಾವುದಾದರೂ ಸರಿ, ಒಂದೇ ಮಾದರಿಗೆ ನಿಲ್ಲಿ. ಚೆಂಡು ಬದಲಿಸುತ್ತ ಹೋದರೆ ಕ್ಲಬ್ಬಿನ ಅಂಕಿಗಳಿಗೆ ಬೆಲೆ ಉಳಿಯುವುದಿಲ್ಲ. ಗ್ಲೌ ಹೊಸದಿದ್ದಾಗ ಬಿಗಿಯಾಗಿರಲಿ, ವೆಲ್ಕ್ರೊ ಪೂರ್ತಿ ತುದಿಯವರೆಗೆ ಮುಚ್ಚದಿರಲಿ; ಚರ್ಮ ಹಿಗ್ಗಿದ ಮೇಲೆ ಎಳೆದು ಹಾಕಿಕೊಳ್ಳಲು ಜಾಗ ಬೇಕು. ಹೊಸ ಕ್ಲಬ್ಬುಗಳ ಕ್ಯಾರಿ ಪಟ್ಟಿಯನ್ನು ಕೋರ್ಸಿನಲ್ಲೇ ಹೊಸದಾಗಿ ಬರೆದುಕೊಳ್ಳಿ. ಆರ್ಡರ್ ಶೀಟನ್ನು ಎಸೆಯಬೇಡಿ. ಫೋರ್ಜ್ ಮಾಡಿದ ಐರನ್, ವೆಜ್‌ಗಳ ಲೈ ಮತ್ತು ಲಾಫ್ಟ್ ನೆಲಕ್ಕೆ ಬಡಿದು ಬಡಿದು ನಿಧಾನವಾಗಿ ಸರಿಯುತ್ತವೆ. ವರ್ಷಕ್ಕೊಮ್ಮೆ ಯಂತ್ರದಲ್ಲಿ ಇಡಿಸುವಾಗ ತಾಳೆ ನೋಡಲು ಬೇಕಾಗುವುದು ಅದೇ ಕಾಗದ.